ಅಕ್ಕ ಕೂಗಿದ ಹೆಸರು

ನಿನ್ನೆ ಅಳಿಯ ಬಂಗಾರಪೇಟೆಯ ಮಾರ್ಕೆಟ್ಟಿನಿಂದ ಒಂದು ಪೆಟ್ಟಿಗೆ ಮಾವಿನಹಣ್ಣು ತಂದರು. ಮೇಲಿನ ಹುಲ್ಲು ಸರಿಸಿದೆ. ಹಣ್ಣಿನ ವಾಸನೆಗಿಂತ ಮುಂಚೆ, ಕೊಳೆತ ಬೆಳ್ಳುಳ್ಳಿಯಂಥ ಒಂದು ಘಾಟು ಮೂಗಿಗೆ ಹೊಡೆಯಿತು. ಹುಡುಕಿದರೆ ಹಣ್ಣುಗಳ ನಡುವೆ ಒಂದು ಕಾಗದದ ಪೊಟ್ಟಣ, ಅದರಲ್ಲಿ ಕಾರ್ಬೈಡ್ ಪುಡಿ. ಕಾಯಿ ಬೇಗ ಹಣ್ಣಾಗಲಿ ಅಂತ ಇಡುತ್ತಾರಂತೆ. ಇಡಬಾರದು ಅಂತ ಸರ್ಕಾರ ಹೇಳಿದೆಯಂತೆ, ಆದರೂ ಇಡುತ್ತಾರಂತೆ. ಮಗಳು ಪೊಟ್ಟಣವನ್ನು ದೂರ ಎಸೆದು, ಹಣ್ಣನ್ನೆಲ್ಲ ನೀರಿಗೆ ಹಾಕಿ, ಗಂಡನನ್ನು ಹೆಸರು ಹಿಡಿದೇ ಕರೆದು ಚೆನ್ನಾಗಿ ಮಂಗಳಾರತಿ ಎತ್ತಿದಳು. ಅಳಿಯ ನಗುತ್ತಾ ಕೇಳಿಸಿಕೊಂಡರು. ನಾನು ಮಾತ್ರ ಕೈಯನ್ನು ಮೂಗಿನ ಹತ್ತಿರ ಹಿಡಿದುಕೊಂಡು ಹಾಗೇ ಕೂತಿದ್ದೆ...

ಆ ಘಾಟು ನನ್ನ ಪಾಲಿಗೆ ಹಣ್ಣಿನದಲ್ಲ, ಗಣಿ ದೀಪದ್ದು. ಅಂಗೈಯಲ್ಲಿ ಹಿಡಿಸುವಷ್ಟು ದೊಡ್ಡ ಹಿತ್ತಾಳೆ ದೀಪ. ಕೆಳಗಿನ ಗೂಡಿನಲ್ಲಿ ಕಾರ್ಬೈಡ್ ಕಲ್ಲು, ಮೇಲಿನ ಗೂಡಿನಲ್ಲಿ ನೀರು. ನೀರು ತೊಟ್ಟಿಕ್ಕಿದಂತೆ ಗ್ಯಾಸು ಎದ್ದು, ಕಡ್ಡಿ ಗೀರಿದರೆ ಬೆಳ್ಳಗೆ ಉರಿ ಹತ್ತಿಕೊಳ್ಳುತ್ತಿತ್ತು. ನಮ್ಮ ಪಕ್ಕದ ಮನೆಯ ಭಾವ ಪಾಳಿ ಮುಗಿಸಿ ಬಂದ ಕೂಡಲೇ ಅದನ್ನು ಸೂರಿನ ಮೊಳೆಗೆ ತಗುಲಿಹಾಕುತ್ತಿದ್ದರು. ಮೊಳೆಯಲ್ಲಿ ದೀಪವಿದ್ದರೆ ಭಾವ ಮನೆಯಲ್ಲಿದ್ದಾರೆ, ಮೊಳೆ ಖಾಲಿ ಇದ್ದರೆ ಭೂಮಿಯ ಒಳಗಿದ್ದಾರೆ. ಆ ಮೊಳೆಯ ಮೇಲೆ ದಿನವಿಡೀ ಒಂದು ಕಣ್ಣಿಟ್ಟುಕೊಂಡೇ ಕೆಲಸ ಮಾಡುತ್ತಿದ್ದವಳು ಅವರ ಹೆಂಡತಿ. ನಾನು ಅವಳನ್ನು ಅಕ್ಕ ಅಂತ ಕರೆಯುತ್ತಿದ್ದೆ. ಅವಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಭಾವನ ಹೆಸರನ್ನೂ ಬರೆಯುವುದಿಲ್ಲ. ಯಾಕೆ ಅನ್ನುವುದು ಕೊನೆಯ ಹೊತ್ತಿಗೆ ತಿಳಿಯುತ್ತದೆ.

ಅದು ಎರಡನೇ ಮಹಾಯುದ್ಧದ ಕಾಲ. ಬಂಗಾರಪೇಟೆಯನ್ನು ಆಗ ಬೌರಿಂಗ್‌ಪೇಟೆ ಅನ್ನುತ್ತಿದ್ದರು. ಅದರ ಹತ್ತಿರದ ಹಳ್ಳಿಯೊಂದರಿಂದ ಮದುವೆಯಾಗಿ ನಾನು ಚಿನ್ನದ ಗಣಿಗೆ ಬಂದ ಹೊಸತು. ಆಂಡರ್ಸನ್‌ಪೇಟೆಯ ಆಚೆ ಗಣಿ ಕೆಲಸಗಾರರ ಲೈನುಮನೆಗಳಿದ್ದವು. ಬಿದಿರು ತಟ್ಟಿಯ ಗೋಡೆ, ಮೇಲೆ ತಗಡು. ಒಂದು ಮನೆಯಲ್ಲಿ ಒಗ್ಗರಣೆ ಹಾಕಿದರೆ ಪಕ್ಕದ ಮನೆಯಲ್ಲಿ ಸೀನು. ನಮ್ಮ ಯಜಮಾನರದು ವರ್ಕ್‌ಶಾಪಿನಲ್ಲಿ ಮೇಲಿನ ಕೆಲಸ, ಗಣಿಗೆ ಇಳಿಯಬೇಕಾಗಿರಲಿಲ್ಲ. ಅದು ನನ್ನ ಪುಣ್ಯ ಅಂತ ಅಕ್ಕ ಆಗಾಗ ಹೇಳುತ್ತಿದ್ದಳು. ಊರಿನ ಶಾಲೆಯಲ್ಲಿ ಒಂದಿಷ್ಟು ಓದಿದ್ದೆ ಅನ್ನುವ ಜಂಬ ನನಗಿತ್ತು. ಆದರೆ ನಲ್ಲಿಯ ಸರದಿಯಲ್ಲಿ ಬಿಂದಿಗೆ ಇಡುವುದರಿಂದ ಹಿಡಿದು, ಒಳಗೆಲ್ಲೋ ಬಂಡೆ ಸಿಡಿದು ನೆಲ ನಡುಗಿದಾಗ ಅಡುಗೆಮನೆಯ ಪಾತ್ರೆ ಬೀಳದಂತೆ ಒತ್ತಿ ಹಿಡಿಯುವುದರವರೆಗೆ ಎಲ್ಲ ಕಲಿಸಿದವಳು ಅವಳೇ. ಬೈದುಕೊಂಡೇ ಕಲಿಸಿದಳು.

ಗಂಡನ ಹೆಸರು ಬಾಯಲ್ಲಿ ಹೇಳದಿರುವುದು ಆಗ ಎಲ್ಲ ಹೆಂಗಸರ ಪದ್ಧತಿ. ಹೇಳಿದರೆ ಅವರ ಆಯುಸ್ಸು ಕಡಿಮೆಯಾಗುತ್ತದೆ ಅನ್ನುವ ನಂಬಿಕೆ. ಹೊಲ ಉಳುವವನ ಹೆಂಡತಿಗೆ ಅದು ಬರೀ ಮಾತಾಗಿದ್ದೀತು, ಗಣಿಗೆ ಇಳಿಯುವವನ ಹೆಂಡತಿಗೆ ಹಾಗಲ್ಲ. ನೆಲ ನಡುಗಿದಾಗ ಬಾಗಿಲಿಗೆ ಬಂದು ನಿಲ್ಲುತ್ತಿದ್ದ ಆ ಹೆಂಗಸರ ಮುಖಗಳನ್ನು ನೋಡಿದವರಿಗೆ ಅದು ಗೊತ್ತು.

ಅದರಲ್ಲೂ ಅಕ್ಕನದು ಒಂದು ಕೈ ಮೇಲೆ. ಭಾವನದು ನಮ್ಮ ಕಡೆ ಬೀದಿಬೀದಿಯಲ್ಲೂ ಇರುವ, ಬೆಟ್ಟದ ಮೇಲಿನ ದೇವರ ಹೆಸರು. ಹಾಗಾಗಿ ಅವಳು ದೇವರನ್ನೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ, ಬೆಟ್ಟದ ಸ್ವಾಮಿ ಅನ್ನುತ್ತಿದ್ದಳು. ಮೂಲೆಯ ಅಂಗಡಿಯವರಿಗೂ ಅದೇ ಹೆಸರು, ಅದು 'ನಮ್ಮೋರ ಎಸರಿನೋರ ಅಂಗಡಿ'. ಅವಳನ್ನು ರೇಗಿಸಲೆಂದೇ ನಾನು, ಉಪ್ಪು ಯಾರ ಅಂಗಡಿಯಿಂದ ತಂದೆ ಅಂತ ಕೇಳುತ್ತಿದ್ದೆ. ಕೈಯಲ್ಲಿದ್ದ ರಾಗಿಹಿಟ್ಟು ನನ್ನ ಮುಖಕ್ಕೆ ಬರುತ್ತಿತ್ತು. ಮದುವೆಯಾಗಿ ಮನೆ ತುಂಬಿಸಿಕೊಳ್ಳುವಾಗ ನಾದಿನಿಯರು ಬಾಗಿಲು ತಡೆದು, ಗಂಡನ ಹೆಸರು ಹೇಳಿ ಒಳಗೆ ಬಾ ಅನ್ನುವ ಶಾಸ್ತ್ರವಿದೆಯಲ್ಲ, ಅವತ್ತೂ ಅವಳು ಹೇಳಲಿಲ್ಲವಂತೆ. ಕಣ್ಣಲ್ಲಿ ನೀರು ತುಂಬಿಕೊಂಡು ಸುಮ್ಮನೆ ನಿಂತಳಂತೆ. ಕೊನೆಗೆ ಅವರೇ ಸೋತು ದಾರಿ ಬಿಟ್ಟರಂತೆ. ಇದನ್ನು ಅವಳ ಅತ್ತೆ ಬಂದವರಿಗೆಲ್ಲ ದೊಡ್ಡ ಹೆಮ್ಮೆಯಿಂದ ಹೇಳುತ್ತಿದ್ದರು.

ಅದೇ ಹೆಸರಿನವನು ನಮ್ಮ ಸಾಲಿನ ಕೊನೆಯಲ್ಲಿ ಇನ್ನೊಬ್ಬನಿದ್ದ. ಅವನು ಸೈನೈಡ್ ದಿಬ್ಬದ ಕಾವಲುಗಾರ. ಚಿನ್ನ ತೆಗೆದ ಮೇಲೆ ಉಳಿಯುವ ಬೂದುಮಣ್ಣನ್ನು ಗುಡ್ಡಗುಡ್ಡವಾಗಿ ಸುರಿದಿರುತ್ತಿದ್ದರು, ಅದಕ್ಕೆ ಸೈನೈಡ್ ದಿಬ್ಬ ಅನ್ನುತ್ತಿದ್ದರು. ನಮ್ಮ ಲೈನಿನಿಂದ ಗಣಿಗೆ ಇಳಿಯುವ ಬಾವಿಗೆ ಹೋಗುವ ಹತ್ತಿರದ ದಾರಿ ಅದರ ಪಕ್ಕದಲ್ಲೇ ಇತ್ತು. ಚಿನ್ನದ ಕಲ್ಲು ಕದ್ದು ಸಾಗಿಸುತ್ತಾರೆ ಅನ್ನುವ ಅನುಮಾನಕ್ಕೆ ದಾರಿಯಲ್ಲಿ ಹೋಗುವವರನ್ನು ನಿಲ್ಲಿಸಿ ಮೈ ತಡಕಿ ಜಡ್ತಿ ಮಾಡುವ ಅಧಿಕಾರ ಕಾವಲುಗಾರರಿಗಿತ್ತು. ಹೆಂಗಸರಾದರೆ ಮೈಮುಟ್ಟಿ ನೋಡಲು ಗೇಟಿನಲ್ಲಿ ಬೇರೆ ಹೆಂಗಸೊಬ್ಬಳು ಇರುತ್ತಿದ್ದಳು.

ಆ ದಿನ ಭಾವನಿಗೆ ಮಧ್ಯಾಹ್ನದ ಪಾಳಿ. ಬುತ್ತಿ ಮರೆತು ಹೋಗಿದ್ದರು. ಅವರು ಒಳಗೆ ಇಳಿಯುವ ಮುಂಚೆ ಕೊಟ್ಟು ಬರುತ್ತೇನೆ ಅಂತ ಅಕ್ಕ ಮುದ್ದೆ, ಸಾರು ಹಿಡಿದು ಓಡಿದಳು. ಬುತ್ತಿ ಕೊಟ್ಟು ವಾಪಸ್ಸು ಬರುವಾಗ ದಿಬ್ಬದ ಹತ್ತಿರ ಆ ಕಾವಲುಗಾರ ತಡೆದ. ಜಡ್ತಿ ಮಾಡಬೇಕು, ಶೆಡ್ಡಿಗೆ ಬಾ ಅಂದ. ಗೇಟಿಗೇ ಬರುತ್ತೇನೆ ಅಂದರೂ ಬಿಡಲಿಲ್ಲ, ಕೈ ಹಿಡಿದು ಎಳೆದುಕೊಂಡು ಹೋದ. ತಗಡಿನ ಶೆಡ್ಡು. ಹಾಡುಹಗಲು. ಅಲ್ಲಿ ಅವನು ಅವಳ ಮಾನದ ಮೇಲೆ ಕೈಮಾಡಿದ. ನಡೆದದ್ದನ್ನೆಲ್ಲ ಅಕ್ಕ ನನಗೆ ಹೇಳಿದಳು, ಆಮೇಲೆ ಕೋರ್ಟಿಗೆ ಹೇಳಿದಳು. ಅದಕ್ಕಿಂತ ಹೆಚ್ಚಿನವರಿಗೆ ಹೇಳಬೇಕು ಅಂತ ಅವಳಿಗೂ ಅನ್ನಿಸಲಿಲ್ಲ, ನನಗೂ ಅನ್ನಿಸುವುದಿಲ್ಲ.

ಮನೆಗೆ ಬಂದವಳು ಒಳಗೆ ಹೋಗದೆ ಹೊಸ್ತಿಲ ಹೊರಗೇ ಕೂತಿದ್ದಳು. ಅತ್ತೆ ಅವಳ ಮುಖ ನೋಡಿಯೇ ಅರ್ಥ ಮಾಡಿಕೊಂಡರು. ಕೆಟ್ಟ ಹೆಂಗಸಲ್ಲ ಅವರು, ಹೆದರಿದ ಹೆಂಗಸು. ಅವಳನ್ನು ಒಳಗೆ ಕರೆದು ಬಾಗಿಲು ಹಾಕಿ, ಮಗ ಮೇಲೆ ಬರುವ ಮುಂಚೆ ಊರಿಗೆ ಹೊರಟುಬಿಡೋಣ, ಯಾರಿಗೂ ಗೊತ್ತಾಗುವುದಿಲ್ಲ ಅಂತ ಪಿಸುಗುಟ್ಟಿದರು. ತಟ್ಟಿ ಗೋಡೆಯ ಈಚೆ ನನಗೆ ಎಲ್ಲವೂ ಕೇಳಿಸುತ್ತಿತ್ತು. ಆಮೇಲೆ ಅಕ್ಕನ ದನಿ ಬಂತು.

"ನಾನೇನು ಕದ್ದಿಲ್ಲ ಅತ್ತೆ. ನಾನ್ಯಾಕೆ ಊರು ಬಿಟ್ಟೋಗ್ಲಿ?"

ಎದ್ದು ಸೆರಗು ಹೊದ್ದುಕೊಂಡು ಹೊರಟಳು. ಉಟ್ಟ ಸೀರೆಯಲ್ಲೇ ಹೊರಟಳು. ನಾನು ಒಲೆಯ ಮೇಲಿದ್ದದ್ದನ್ನು ಇಳಿಸಿ ಅವಳ ಹಿಂದೆ ಓಡಿದೆ.

ಠಾಣೆಯಲ್ಲಿ ಇದ್ದವರೆಲ್ಲ ಗಂಡಸರೇ. ನನ್ನನ್ನು ಬಾಗಿಲಲ್ಲೇ ನಿಲ್ಲಿಸಿದರು. ಹೆಡ್ ಕಾನ್‌ಸ್ಟೇಬಲ್ ಒರಟನೇನಲ್ಲ, ಕೂತುಕೊಳ್ಳಮ್ಮ ಅಂತ ಬೆಂಚು ತೋರಿಸಿದ. ಗಂಡನ ಹೆಸರೇನು ಅಂತ ಕೇಳಿದ. ಅಕ್ಕ ತಲೆ ತಗ್ಗಿಸಿದಳು. ನಾನೇ ಬಾಗಿಲಿಂದ ಹೇಳಿದೆ, ಬರೆದುಕೊಂಡ. ಅಷ್ಟರಲ್ಲಿ ಇನ್ನೊಬ್ಬ ಬಂದು ಇಲ್ಲೆಲ್ಲ ನಿಲ್ಲಬಾರದು ಅಂತ ನನ್ನನ್ನು ಕಾಂಪೌಂಡಿನ ಆಚೆಗೆ ಕಳಿಸಿದ. ಒಳಗೆ ಅಕ್ಕ ನಡೆದದ್ದನ್ನೆಲ್ಲ ಹೇಳಿದಳು. ಅವನು ಯಾರು, ಹೆಸರೇನು ಅಂತ ಕೇಳಿದಾಗ ಮಾತ್ರ ಮತ್ತೆ ತಲೆ ತಗ್ಗಿಸಿದಳು. ಹೆಸರು ತಿಳಿಯದ ಒಬ್ಬ ಕಾವಲುಗಾರ ಅಂತ ಬರೆದು ಹೆಬ್ಬೆಟ್ಟು ಒತ್ತಿಸಿಕೊಂಡರು. ಆ ಹೆಸರನ್ನು ಹೆಡ್ ಕಾನ್‌ಸ್ಟೇಬಲ್ ಆಗಷ್ಟೇ ತನ್ನ ಕೈಯಾರೆ ಅದೇ ಹಾಳೆಯ ಮೇಲುಗಡೆ ಬರೆದಿದ್ದ. ಅವನಿಗದು ಹೇಗೆ ಹೊಳೆಯಬೇಕು?

ದಾರಿಯಲ್ಲಿ ನಾನು ಕೇಳಿದೆ, ಅವನ ಹೆಸರು ಹೇಳಿದೆಯಾ ಅಂತ. ಅಕ್ಕ ನಡೆಯುತ್ತಿದ್ದವಳು ನಿಂತಳು.

"ಎಂಗೇಳ್ಲಿ? ಅವರು ಒಳಗವ್ರೆ."

ನನಗೂ ಅದು ಸರಿಯಾಗಿಯೇ ಕಂಡಿತು. ಭಾವ ಭೂಮಿಯ ಒಳಗಿರುವಾಗ ಆ ಹೆಸರನ್ನು ಬಾಯಿಗೆ ತರುವುದುಂಟೇ? ನಾಳೆ ಭಾವನೇ ಬಂದು ಹೇಳಿದರೆ ಆಯಿತು ಅಂದುಕೊಂಡೆವು. ಆ ಒಂದು ದಿನ ಮುಂದೆ ಎಷ್ಟು ಭಾರವಾಗುತ್ತದೆ ಅನ್ನುವುದು ನಮಗೆ ಗೊತ್ತಿರಲಿಲ್ಲ. ಹೆಸರು ಯಾಕೆ ಹೇಳಲಿಲ್ಲ ಅನ್ನುವುದನ್ನು ಪೊಲೀಸರಿಗೆ ಬಿಡಿಸಿ ಹೇಳಬೇಕು ಅಂತಲೂ ನಮಗೆ ಹೊಳೆಯಲಿಲ್ಲ. ಉಪ್ಪು ಉಪ್ಪಗಿದೆ ಅಂತ ಯಾರಾದರೂ ಯಾರಿಗಾದರೂ ಹೇಳುತ್ತಾರೆಯೇ?

ಭಾವ ಪಾಳಿ ಮುಗಿಸಿ ಬಂದರು. ಅತ್ತೆ ಅಳುತ್ತಾ ಹೇಳಿದರು. ಅವರು ದೀಪವನ್ನು ಮೊಳೆಗೆ ಹಾಕಲಿಲ್ಲ, ಆರಿಸಲೂ ಇಲ್ಲ. ಹಿಡಿದುಕೊಂಡೇ ಕೂತರು. ನಮ್ಮ ಮನೆಯೊಳಕ್ಕೆಲ್ಲ ಆ ಘಾಟು ಬರುತ್ತಿತ್ತು... ಆಮೇಲೆ ಎದ್ದು ಅಕ್ಕನ ಪಕ್ಕದಲ್ಲಿ ಹೋಗಿ ಕೂತು, ಏನು ಮಾಡೋಣ ಅಂತ ಕೇಳಿದರು. ಏನು ಮಾಡುತ್ತೇನೆ ಅಂತ ಹೇಳಲಿಲ್ಲ, ಏನು ಮಾಡೋಣ ಅಂತ ಕೇಳಿದರು. ಗಂಡಸರು ಹಾಗೆ ಕೇಳುವುದನ್ನು ನಾನು ಅದುವರೆಗೂ ಕಂಡಿರಲಿಲ್ಲ. ಅವನನ್ನು ಕೋರ್ಟಿಗೆ ಎಳೆಯಬೇಕು ಅಂದಳು ಅಕ್ಕ. ಸರಿ ಅಂದರು. ಬೆಳಿಗ್ಗೆ ಠಾಣೆಗೆ ಹೋಗಿ ಹೆಸರು ಹೇಳಿ ಬಂದರು. ಕಾವಲುಗಾರನನ್ನು ಹಿಡಿದುಕೊಂಡು ಹೋದರು.

ಅಲ್ಲಿಂದ ಲೈನಿನ ಬಾಯಿಗಳು ಶುರುವಾದವು. ಅವಳೇ ಯಾಕೆ ಆ ದಾರಿಯಲ್ಲಿ ಹೋಗಬೇಕಿತ್ತು ಅಂದವರುಂಟು. ಹಿರಿಯರು ಅನ್ನಿಸಿಕೊಂಡವರು ಬಂದು ರಾಜಿಯ ಮಾತಾಡಿದರು. ಅಕ್ಕ ಅವರಿಗೆಲ್ಲ ನೀರು, ಬೆಲ್ಲ ಕೊಟ್ಟು ಕಳಿಸಿದಳು, ರಾಜಿಗೆ ಒಪ್ಪಲಿಲ್ಲ. ಕಾವಲುಗಾರನ ಕಡೆಯವರು ಹೆಸರಾದ ವಕೀಲರನ್ನು ಹಿಡಿದರು. ಭಾವನಿಗೂ ಕಾವಲುಗಾರನಿಗೂ ಹಿಂದೊಮ್ಮೆ ನಲ್ಲಿಯ ಹತ್ತಿರ ಜಗಳವಾಗಿತ್ತು, ಆ ಸೇಡಿಗೆ ಹೆಂಡತಿಯ ಕೈಲಿ ಕೇಸು ಹಾಕಿಸಿದ್ದಾನೆ ಅನ್ನುವ ಸುದ್ದಿ ಹಬ್ಬಿತು. ಮೊದಲ ದಿನದ ದೂರಿನಲ್ಲಿ ಹೆಸರೇ ಇಲ್ಲ, ಮರುದಿನ ಗಂಡ ಬಂದು ಸೇರಿಸಿದ್ದು, ಕೇಸು ನಿಲ್ಲುವುದಿಲ್ಲ ಅಂತ ಅಂಗಡಿ ಕಟ್ಟೆಯ ಮೇಲೆ ಕೂತವರೂ ಹೇಳತೊಡಗಿದರು.

ವಿಚಾರಣೆ ಬೌರಿಂಗ್‌ಪೇಟೆಯಲ್ಲಿ. ಅಕ್ಕ, ನಾನು, ಅತ್ತೆ ಬೆಳಗಿನ ರೈಲಿನಲ್ಲಿ ಹೋದೆವು. ಭಾವನಿಗೆ ರಾತ್ರಿ ಪಾಳಿ ಇತ್ತು, ಮುಗಿಸಿಕೊಂಡು ಮುಂದಿನ ರೈಲಿಗೆ ಬರುವವರಿದ್ದರು. ಕೋರ್ಟಿನ ಮುಂದೆ ಜನ ನಾಟಕ ನೋಡಲು ಬಂದವರ ಹಾಗೆ ನೆರೆದಿದ್ದರು. ಕೆಲವರು ನಮ್ಮ ಲೈನಿನವರೇ.

ಮ್ಯಾಜಿಸ್ಟ್ರೇಟರು ಜರಿಪೇಟ ಸುತ್ತಿದ ವಯಸ್ಸಾದವರು. ಕೂತವರೇ ಕನ್ನಡಕದ ಮೇಲಿಂದ ಒಮ್ಮೆ ಎಲ್ಲರನ್ನೂ ನೋಡಿ, ಕೇಸಿಗೆ ಸಂಬಂಧ ಇಲ್ಲದವರೆಲ್ಲ ಹೊರಗೆ ಹೋಗಿ ಅಂದರು. ಜವಾನ ಎಲ್ಲರನ್ನೂ ದಬ್ಬಿ ಬಾಗಿಲು ಹಾಕಿದ. ಹಾಗೆ ಬಾಗಿಲು ಹಾಕಿಸಲೇಬೇಕು ಅಂತ ಆಗಿನ ಕಾನೂನಿನಲ್ಲಿ ಇರಲಿಲ್ಲವಂತೆ, ಬೇಕು ಅನ್ನಿಸಿದರೆ ಹಾಕಿಸಬಹುದಿತ್ತು ಅಷ್ಟೆ. ಆ ಪುಣ್ಯಾತ್ಮರಿಗೆ ಬೇಕು ಅನ್ನಿಸಿತು. ನಿನ್ನ ಜೊತೆಗೆ ಯಾರಾದರೂ ಹೆಂಗಸು ಇರಬೇಕೇನಮ್ಮ ಅಂತ ಅಕ್ಕನನ್ನು ಕೇಳಿದರು. ಅವಳು ನನ್ನನ್ನು ತೋರಿಸಿದಳು. ಹಾಗಾಗಿ ಅಂದು ಆ ಬಾಗಿಲೊಳಗೆ ನಡೆದದ್ದಕ್ಕೆ ನಾನು ಕಣ್ಣಾರೆ ಸಾಕ್ಷಿ.

ಸರ್ಕಾರದ ಕಡೆಯವರು ಕೇಳಿದ್ದಕ್ಕೆ ಅಕ್ಕ ನೆಟ್ಟಗೆ ನಿಂತು ಉತ್ತರ ಹೇಳಿದಳು. ಆಮೇಲೆ ಎದುರು ವಕೀಲರು ಎದ್ದರು. ಆ ದಾರಿಯಲ್ಲಿ ಒಬ್ಬಳೇ ಎಷ್ಟು ಸಲ ಹೋಗಿದ್ದೀಯೆ, ಯಾರ ಯಾರ ಜೊತೆ ನಿಂತು ಮಾತಾಡುತ್ತೀಯೆ, ಮದುವೆಗೆ ಮುಂಚೆ ಊರಿನಲ್ಲಿ ಹೇಗಿದ್ದೆ... ಆ ಮಾತುಗಳನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ. ಹಾಗೆಲ್ಲ ಕೇಳಲು ಆಗ ಅವರಿಗೆ ಅವಕಾಶವಿತ್ತು. ಒಂದು ಪ್ರಶ್ನೆಗೆ ಮಾತ್ರ ಮ್ಯಾಜಿಸ್ಟ್ರೇಟರು ಕೈ ಎತ್ತಿ, ಇದು ಬೇಡ ಅಂದರು. ಉಳಿದದ್ದಕ್ಕೆಲ್ಲ ಅಕ್ಕ ಉತ್ತರ ಕೊಟ್ಟಳು. ದನಿ ಏರಿಸಲಿಲ್ಲ, ಅಳಲಿಲ್ಲ.

ಕೊನೆಗೆ ವಕೀಲರು ತಮ್ಮ ದೊಡ್ಡ ಪ್ರಶ್ನೆಗೆ ಬಂದರು. ಆರೋಪಿ ನಿಮ್ಮ ಸಾಲಿನವನೇ ತಾನೆ, ವರ್ಷಗಟ್ಟಲೆ ನೋಡಿದ್ದೀಯೆ ತಾನೆ ಅಂದರು. ಹೌದು ಅಂದಳು. ಹಾಗಾದರೆ ಹೆಸರು ಗೊತ್ತಿಲ್ಲ ಅಂತ ಯಾಕೆ ಬರೆಸಿದೆ ಅಂದರು.

"ಗೊತ್ತಿಲ್ಲ ಅಂತ ನಾನು ಬರೆಸಿಲ್ಲ ಸ್ವಾಮಿ. ಏಳ್ಲಿಲ್ಲ ಅಷ್ಟೆ."

"ಗೊತ್ತಿದ್ದರೆ ಈಗ ಹೇಳು."

ಅಕ್ಕನ ತಲೆ ಮೆಲ್ಲಗೆ ತಗ್ಗಿತು. ಠಾಣೆಯಲ್ಲಿ ತಗ್ಗಿದ ಹಾಗೇ. ವಕೀಲರು ಮ್ಯಾಜಿಸ್ಟ್ರೇಟರ ಕಡೆ ತಿರುಗಿ, ಈ ಹೆಂಗಸಿಗೆ ಇವತ್ತಿಗೂ ಹೆಸರು ಗೊತ್ತಿಲ್ಲ, ಅದು ಗಂಡ ಕೊಟ್ಟ ಹೆಸರು, ನಲ್ಲಿ ಜಗಳದ ಹೆಸರು ಅಂದರು. ಕಟಕಟೆಯಲ್ಲಿ ನಿಂತಿದ್ದ ಕಾವಲುಗಾರ ಮೀಸೆಯ ಕೆಳಗೆ ನಕ್ಕ. ನನಗೆ ತಡೆಯಲಾಗಲಿಲ್ಲ, ಬಾಯಿ ತೆರೆದೆ. ಮ್ಯಾಜಿಸ್ಟ್ರೇಟರು ನನ್ನ ಕಡೆ ಬೆರಳು ತೋರಿಸಿ, ಬೇರೆ ಯಾರೂ ಹೇಳುವಂತಿಲ್ಲ, ಅವಳೇ ಹೇಳಬೇಕು ಅಂದರು. ಎಲ್ಲ ಮುಗಿಯಿತು ಅಂದುಕೊಂಡೆ. ಅವನು ಸಂಜೆಯ ರೈಲಿಗೆ ನಮ್ಮ ಜೊತೆಯಲ್ಲೇ ಲೈನಿಗೆ ವಾಪಸ್ಸು ಬರುತ್ತಾನೆ ಅಂದುಕೊಂಡೆ.

ಆಗ ಅಕ್ಕ ತಲೆ ಎತ್ತಿದಳು. ಕಿಟಕಿಯ ಕಡೆ ನೋಡಿದಳು. ಏನೋ ಹೇಳಿದಳು, ತುಟಿ ಅಲ್ಲಾಡಿದ್ದು ಮಾತ್ರ ಕಂಡಿತು. ಕೇಳಿಸಲಿಲ್ಲ ಅಂದರು ವಕೀಲರು. ಅಕ್ಕ ಎದುರಿನ ಮರದ ಅಡ್ಡಪಟ್ಟಿಯನ್ನು ಒಂದು ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಳು. ಇನ್ನೊಂದು ಕೈಯನ್ನು ಕಾವಲುಗಾರನ ಕಡೆ ಚಾಚಿ ಆ ಹೆಸರನ್ನು ಕೂಗಿದಳು. ಇಡೀ ಹೆಸರನ್ನು, ಕೋರ್ಟಿನ ಹೆಂಚು ಹಾರುವ ಹಾಗೆ.

ಹೊರಗಿನಿಂದ ಒಂದು ದನಿ "ಓ" ಅಂದಿತು.

ಆಮೇಲೆ ಹೊರಗೆ ಗಲಾಟೆ. ಜವಾನ ತಡೆಯುತ್ತಿದ್ದ. ಬಾಗಿಲು ತಳ್ಳಿಕೊಂಡು ಭಾವ ಒಳಗೆ ಬಂದರು. ಪಾಳಿಯಿಂದ ನೇರ ಬಂದವರು, ಮುಖದ ತುಂಬ ಕಲ್ಲಿನ ಧೂಳು, ಕೈಯಲ್ಲಿ ದೀಪ. ಅಷ್ಟು ವರ್ಷದ ಸಂಸಾರದಲ್ಲಿ ಹೆಂಡತಿಯ ಬಾಯಲ್ಲಿ ತಮ್ಮ ಹೆಸರನ್ನು ಅವರು ಕೇಳಿದ್ದು ಅದೇ ಮೊದಲು. ಕಾವಲುಗಾರನನ್ನು ನೋಡಲಿಲ್ಲ, ವಕೀಲರನ್ನು ನೋಡಲಿಲ್ಲ. ಅಕ್ಕನನ್ನೇ ನೋಡುತ್ತಾ ನಿಂತರು. ಯಾಕಯ್ಯ ಒಳಗೆ ಬಂದೆ ಅಂತ ಮ್ಯಾಜಿಸ್ಟ್ರೇಟರು ಗದರಿದರು.

"ಕರುದ್ಲು ಸ್ವಾಮಿ. ನನ್ನ ಎಸರಿಡ್ದು ಕರುದ್ಲು."

ನಿನ್ನ ಹೆಸರೇನು ಅಂತ ಕೇಳಿದರು. ಭಾವ ಹೇಳಿದರು. ಮ್ಯಾಜಿಸ್ಟ್ರೇಟರು ಮುಂದಿದ್ದ ಹಾಳೆಯನ್ನು ನೋಡಿದರು, ಕಟಕಟೆಯನ್ನು ನೋಡಿದರು, ಮತ್ತೆ ಭಾವನನ್ನು ನೋಡಿದರು. ಪೆನ್ನು ಕೆಳಗಿಟ್ಟರು. ಆಮೇಲೆ ಅವರು ಎದುರು ವಕೀಲರ ಕಡೆ ತಿರುಗಿದರು.

"ವಕೀಲರೇ, ನಿಮ್ಮ ಮನೆಯಲ್ಲಿ ನಿಮ್ಮನ್ನು ಹೆಸರು ಹಿಡಿದು ಕರೆಯುತ್ತಾರೆಯೇ?"

ವಕೀಲರು ತಮ್ಮ ಕರಿಕೋಟಿನ ತೋಳು ಸರಿಮಾಡಿಕೊಂಡರು. ಅವರ ಉತ್ತರಕ್ಕೆ ಕಾಯದೆ ಮ್ಯಾಜಿಸ್ಟ್ರೇಟರು ಅಕ್ಕನನ್ನು ಕೇಳಿದರು, ಇದಕ್ಕೇನಮ್ಮ ಅವತ್ತು ಹೇಳದೆ ಇದ್ದದ್ದು ಅಂತ. ಅಕ್ಕ ತಲೆಯಾಡಿಸಿದಳು. ಬಾಯಿಬಿಟ್ಟು ಹೇಳಬೇಕು, ಬರೆದುಕೊಳ್ಳಬೇಕು ಅಂದರು.

"ಔದು ಸ್ವಾಮಿ. ಅವೊತ್ತು ನಮ್ಮನೆಯೋರು ಗಣಿ ಒಳಗಿದ್ರು. ಬಾಯಿ ಬರ್ಲಿಲ್ಲ."

"ಇವತ್ತು ಹೇಗೆ ಬಂತು?"

"ಇವೊತ್ತೇಳ್ದೆ ಓದ್ರೆ ಇವನು ಮನೆಗೋಯ್ತಾನೆ."

ಮ್ಯಾಜಿಸ್ಟ್ರೇಟರು ಅದನ್ನು ಅವಳು ಹೇಳಿದ ಹಾಗೇ ಬರೆದುಕೊಂಡರು. ಹೆಂಗಸನ್ನು ಜಡ್ತಿ ಮಾಡಬೇಕಾದರೆ ಹೆಂಗಸೇ ಮಾಡಬೇಕು, ಮರ್ಯಾದೆಯಿಂದ ಮಾಡಬೇಕು ಅಂತ ಕಾನೂನಿದೆ, ಅವಳನ್ನು ಶೆಡ್ಡಿಗೆ ಕರೆಯುವ ಅಧಿಕಾರವೇ ನಿನಗೆ ಇರಲಿಲ್ಲ ಅಂತ ಕಾವಲುಗಾರನಿಗೆ ಹೇಳಿದರು. ಅಂಥ ಕಾನೂನು ಇದೆ ಅನ್ನುವುದನ್ನು ನಾನು ಕೇಳಿದ್ದೇ ಆವತ್ತು. ಕೇಸು ಕೋಲಾರದ ದೊಡ್ಡ ಕೋರ್ಟಿಗೆ ಹೋಯಿತು. ಅಲ್ಲೂ ಹೆಸರು ಕೇಳಿದರು, ಅಕ್ಕ ತಡಮಾಡದೆ ಹೇಳಿದಳು. ಅವನಿಗೆ ಜೈಲಾಯಿತು. ಆಮೇಲೆ ಅವನು ನಮ್ಮ ಲೈನಿಗೆ ಬರಲಿಲ್ಲ.

ಬೌರಿಂಗ್‌ಪೇಟೆಯಿಂದ ವಾಪಸ್ಸು ಬರುವಾಗ ರೈಲಿನಲ್ಲಿ ಭಾವ ಧೂಳುಮುಖದಲ್ಲೇ ನಿದ್ದೆಹೋಗಿದ್ದರು. ಅಷ್ಟು ಧೈರ್ಯ ಎಲ್ಲಿಂದ ಬಂತು ಅಂತ ನಾನು ಅಕ್ಕನನ್ನು ಮೆಲ್ಲಗೆ ಕೇಳಿದೆ. ಧೈರ್ಯ ಅನ್ನುವ ಮಾತು ಅವಳಿಗೆ ಹಿಡಿಸಲಿಲ್ಲ.

"ಕಿಟಕೀಲಿ ದೀಪದ ವಾಸ್ನೆ ಬಂತು ಕಣೇ. ಮೇಲವ್ರೆ ಅಂತ ಗೊತ್ತಾಯ್ತು. ಅದಕ್ಕೆ ಕೂಗ್ದೆ."

ಆ ಸಂಜೆ ನಡೆದದ್ದೇ ಈ ನೆನಪಿನಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ಭಾವ ಸ್ನಾನ ಮಾಡಿ ನಲ್ಲಿಯ ಕಡೆ ಹೋಗಿದ್ದರು. ಲೈನಿನವರೆಲ್ಲ ಬಾಗಿಲಲ್ಲಿ ನಿಂತು ನಮ್ಮ ಮನೆಗಳ ಕಡೆಯೇ ನೋಡುತ್ತಿದ್ದರು. ಅಕ್ಕ ಮುದ್ದೆ ಕಟ್ಟಿಟ್ಟು ಹೊರಗೆ ಬಂದಳು. ಮೊದಲು ಮೊಳೆಯನ್ನು ನೋಡಿದಳು, ದೀಪ ಅಲ್ಲಿತ್ತು. ಆಮೇಲೆ ಬೀದಿಯ ಕಡೆ ತಿರುಗಿ ಗಂಡನ ಹೆಸರು ಹಿಡಿದು, "ಊಟಕ್ಕೆ ಬನ್ನಿ" ಅಂತ ಕೂಗಿದಳು. ಹೆಸರಿನ ಹಿಂದೆ ಮರ್ಯಾದೆಯ ಬನ್ನಿ! ನನಗೆ ನಗುವೂ ಬಂತು, ಅಳುವೂ ಬಂತು. ನಲ್ಲಿಯ ಕಡೆಯಿಂದ ಭಾವ "ಓ" ಅಂದರು. ಅತ್ತೆ ಒಳಗೆ ಗಲ್ಲ ಗಲ್ಲ ಬಡಿದುಕೊಂಡರು. ಎದುರುಸಾಲಿನ ತಮಿಳು ಅಜ್ಜಿ ಮಾತ್ರ ಬೊಚ್ಚುಬಾಯಿ ಬಿಟ್ಟು, "ನಲ್ಲಾ ಕೂಪ್ಪಿಡು ಕಣ್ಣು" ಅಂದಳು, ಇನ್ನೂ ಚೆನ್ನಾಗಿ ಕೂಗು ಮಗಳೇ ಅಂತ.

ಕೋರ್ಟಿನಲ್ಲಿ ಹೇಳಿದ್ದು ಸರಿ, ಇಲ್ಲಿ ಯಾಕೆ ಅಂತ ನಾನು ಕೇಳಿದೆ. ಅಕ್ಕ ಮುದ್ದೆಗೆ ನೀರು ಸವರುತ್ತಾ ಕೂತಿದ್ದಳು.

"ಒಂದೇ ಒಂದು ಸಲ ಬಾಯಿಗೆ ತಂದೆ, ಅದೂ ಅವನಿಗೋಸ್ಕರ. ಅದೇ ಕೊನೆ ಆಗ್ಬಾರ್ದು ಕಣೇ."

ಅಂದಿನಿಂದ ಅದು ನಡೆದೇ ನಡೆಯಿತು. ಊಟಕ್ಕೆ, ಸ್ನಾನಕ್ಕೆ, ಸೌದೆ ಒಡೆಯುವುದಕ್ಕೆ, ಸುಮ್ಮಸುಮ್ಮನೆ. ಮೊಳೆಯಲ್ಲಿ ದೀಪವಿದ್ದರೆ ಕೂಗುತ್ತಿದ್ದಳು. ಮೊಳೆ ಖಾಲಿ ಇದ್ದರೆ ಬೆಟ್ಟದ ಸ್ವಾಮಿಯ ಹೆಸರನ್ನು ಕೂಡ ಹೇಳುತ್ತಿರಲಿಲ್ಲ. ನಂಬಿಕೆಯನ್ನು ಬಿಟ್ಟವಳಲ್ಲ ಅವಳು, ಅದನ್ನು ತನಗೆ ಬೇಕಾದಷ್ಟು ಸರಿಸಿ ಇಟ್ಟುಕೊಂಡವಳು. ಸ್ವಲ್ಪ ದಿನ ಹೆಂಗಸರು ಮೂಗು ಮುರಿದರು, ಹುಡುಗರು ಅಣಕಿಸಿದರು. ಆಮೇಲೆ ಎಲ್ಲರಿಗೂ ರೂಢಿಯಾಗಿಹೋಯಿತು. ಆ ಹೆಸರು ಕೇಳಿದರೆ ಲೈನಿನಲ್ಲಿ ಯಾರಿಗೂ ಆ ಕಾವಲುಗಾರ ನೆನಪಾಗುತ್ತಿರಲಿಲ್ಲ, ಊಟದ ಹೊತ್ತು ನೆನಪಾಗುತ್ತಿತ್ತು.

ಕೆಲವು ವರ್ಷಗಳ ಮೇಲೆ ಭಾವನಿಗೆ ಕೆಮ್ಮು ಹತ್ತಿತು. ಗಣಿಯಲ್ಲಿ ತೂತು ಕೊರೆಯುವವರಿಗೆಲ್ಲ ಬರುತ್ತಿದ್ದ ಕೆಮ್ಮು... ದೀಪ ಮೊಳೆಯಲ್ಲೇ ಉಳಿಯತೊಡಗಿತು, ಆದರೆ ಅದನ್ನು ನೋಡಿ ಅಕ್ಕನಿಗೆ ಸಂತೋಷವಾಗುವ ಕಾಲ ಅದಾಗಿರಲಿಲ್ಲ. ಅವರು ತೀರಿಕೊಂಡ ದಿನ, ಹೆಸರು ಕೂಗಿ ಕೂಗಿ ಗಂಡನನ್ನು ತಿಂದಳು ಅಂತ ಯಾರೋ ಆಡಿದರು. ಆ ಮಾತಿಗೆ ಎದ್ದು ನಿಂತವರು ಅವಳ ಅತ್ತೆ. ಅಂದು ಊರಿಗೆ ಓಡಿಹೋಗೋಣ ಅಂದಿದ್ದ ಅದೇ ಅತ್ತೆ.

"ನನ್ನ ಮಗನ್ನ ತಿಂದಿದ್ದು ಕಲ್ಲಿನ ಧೂಳು. ಎಸರಲ್ಲ."

ಅದಾದ ಮೇಲೆ ಇಬ್ಬರೂ ಊರು ಸೇರಿದರು. ಲೈನುಮನೆ ಬಿಡುವಾಗ ಅಕ್ಕ ದೀಪವನ್ನು ಸೆರಗಿನಲ್ಲಿ ಸುತ್ತಿಕೊಂಡಳು. ಅವಳು ಹೋದ ಸುದ್ದಿ ನನಗೆ ತಡವಾಗಿ ಬಂತು, ತಿಥಿಯೂ ಮುಗಿದಿತ್ತು. ಆ ಲೈನು ಈಗಿಲ್ಲ. ಗಣಿ ಮುಚ್ಚಿ ಎಷ್ಟೋ ವರ್ಷವಾಯಿತು. ಸೈನೈಡ್ ದಿಬ್ಬಗಳು ಮಾತ್ರ ಇವೆ, ಗಾಳಿ ಬೀಸಿದಾಗ ಈಗಲೂ ಬೂದುಧೂಳು ಏಳುತ್ತದೆ.

ಮೊಮ್ಮಗಳು ಪತ್ರಿಕೆ ಓದಿ ನನಗೆ ಹೇಳುತ್ತಿರುತ್ತಾಳೆ. ಇಂಥ ಕೇಸುಗಳಲ್ಲಿ ಈಗ ಕೋರ್ಟಿನ ಬಾಗಿಲು ಹಾಕಲೇಬೇಕಂತೆ. ಹೆಂಗಸಿನ ಹಿಂದಿನ ನಡತೆಯನ್ನು ಕೆದಕುವಂತಿಲ್ಲವಂತೆ. ದೂರನ್ನು ಹೆಂಗಸು ಅಧಿಕಾರಿಯೇ ಬರೆದುಕೊಳ್ಳಬೇಕಂತೆ. ಇದನ್ನು ಕೇಳಿದಾಗ ಆ ಠಾಣೆಯ ಬೆಂಚು ಕಣ್ಣಮುಂದೆ ಬಂತು. ಅಂದು ಮೇಜಿನ ಆಚೆ ಯಾರಾದರೂ ಒಬ್ಬ ಹೆಂಗಸು ಕೂತಿದ್ದರೆ, ಅಕ್ಕನ ತಲೆ ಯಾಕೆ ತಗ್ಗಿತು ಅನ್ನುವುದು ಅವಳಿಗೆ ಆ ಕ್ಷಣವೇ ತಿಳಿಯುತ್ತಿತ್ತು. ನೊಂದವಳ ಹೆಸರನ್ನು, ಅವಳ ಗುರುತು ಸಿಗುವಂಥ ಇನ್ನೊಬ್ಬರ ಹೆಸರನ್ನು ಅಚ್ಚು ಹಾಕಬಾರದು ಅಂತಲೂ ಕಾನೂನಾಗಿದೆಯಂತೆ. ಒಳ್ಳೆಯ ಕಾನೂನು. ಅದಕ್ಕೇ ನಾನೂ ಬರೆದಿಲ್ಲ. ಆದರೆ ಅಕ್ಕನಿಗೆ ಮುಚ್ಚಿಟ್ಟುಕೊಳ್ಳುವಂಥದ್ದು ಏನೂ ಇರಲಿಲ್ಲ ಅನ್ನುವುದನ್ನು ಇಲ್ಲಿ ಬರೆದಿಡುತ್ತೇನೆ. ಅವಳು ನನ್ನ ಪಕ್ಕದ ಮನೆಯವಳಾಗಿದ್ದಳು ಅಂತ ಹೇಳಿಕೊಳ್ಳಲು ನನಗೆ ಈ ತೊಂಬತ್ತರ ಹತ್ತಿರದ ವಯಸ್ಸಿನಲ್ಲೂ ಎದೆ ಉಬ್ಬುತ್ತದೆ.

ಇವತ್ತು ಬೆಳಿಗ್ಗೆ ಎಲ್ಲರೂ ಕೆಲಸಕ್ಕೆ ಹೋದ ಮೇಲೆ ಗೋಡೆಯ ಮೇಲಿರುವ ನಮ್ಮ ಯಜಮಾನರ ಫೋಟೋದ ಮುಂದೆ ನಿಂತೆ. ಅವರು ಹೋಗಿ ಬಹಳ ವರ್ಷವಾಯಿತು, ಇನ್ನು ಕಡಿಮೆಯಾಗಲು ಯಾವ ಆಯುಸ್ಸೂ ಉಳಿದಿಲ್ಲ. ಮನೆಯಲ್ಲಿ ಕೇಳುವವರೂ ಇರಲಿಲ್ಲ. ಒಂದು ಸಲ, ಒಂದೇ ಒಂದು ಸಲ ಅವರ ಹೆಸರು ಹೇಳೋಣ ಅಂತ ಬಾಯಿ ತೆರೆದೆ. ಬರಲಿಲ್ಲ. ಅಷ್ಟು ಜನ ಗಂಡಸರ ನಡುವೆ, ಎದುರಿಗೆ ಅವನನ್ನೇ ಇಟ್ಟುಕೊಂಡು, ಅಕ್ಕ ಏನು ಮಾಡಿದಳು ಅನ್ನುವುದು ನನಗೆ ಪೂರ್ತಿಯಾಗಿ ತಿಳಿದದ್ದು ಇವತ್ತು.

ಕೈಯಲ್ಲಿ ಕಾರ್ಬೈಡಿನ ಘಾಟು ಇನ್ನೂ ಇತ್ತು. ಅಕ್ಕಾ ಅಂತ ಮಾತ್ರ ಕೂಗಿದೆ. ಓ ಅನ್ನುವವರು ಇರಲಿಲ್ಲ.